ಆತ್ಮವಿಶ್ವಾಸಕ್ಕೆ ದಿನಕ್ಕೊಂದು ಸಣ್ಣ ಸವಾಲು: ಈಜು ಕಲಿಸುತ್ತಾ ನಾನು ಕಂಡುಕೊಂಡ ದಾರಿ

ದೊಡ್ಡವರಿಗೆ ಈಜು ಕಲಿಸುವುದು ನನ್ನ ಕೆಲಸ. ಮೂವತ್ತು, ನಲವತ್ತು, ಅರವತ್ತು ದಾಟಿದವರೂ ಬರುತ್ತಾರೆ. ಕೊಳದ ಅಂಚಿನಲ್ಲಿ ನಿಂತು ಅವರಲ್ಲಿ ಬಹಳಷ್ಟು ಮಂದಿ ಹೇಳುವುದು ಒಂದೇ ಮಾತು: "ಸ್ವಲ್ಪ ಧೈರ್ಯ ಬರಲಿ ಮೇಡಂ, ಆಮೇಲೆ ಇಳಿತೀನಿ." ಹಾಗೆ ಕಾದು ಕೂತು, ಧೈರ್ಯ ಬಂದ ಮೇಲೆ ಇಳಿದವರನ್ನು ನಾನು ಕಂಡಿಲ್ಲ. ಮೊದಲ ಮೆಟ್ಟಿಲಿಗೆ ಇಳಿದವರಿಗೆ ಎರಡನೆಯದರ ಧೈರ್ಯ ಬರುತ್ತದೆ, ಎರಡನೆಯದಕ್ಕೆ ಇಳಿದವರಿಗೆ ಮೂರನೆಯದರದು. ಸಭೆಯಲ್ಲಿ ಮಾತನಾಡುವುದಕ್ಕೂ, ಅರ್ಧಕ್ಕೆ ನಿಂತ ಓದನ್ನು ಮತ್ತೆ ಹಿಡಿಯುವುದಕ್ಕೂ, ಒಬ್ಬರೇ ಪ್ರಯಾಣ ಹೊರಡುವುದಕ್ಕೂ ಇದೇ ಕ್ರಮ. ಇದನ್ನು ದಿನದ ಬದುಕಿಗೆ ಹೇಗೆ ಅಳವಡಿಸಿಕೊಳ್ಳಬಹುದು ಎಂಬುದನ್ನು ನನಗೆ ಗೊತ್ತಿರುವ ಮಟ್ಟಿಗೆ ಬರೆಯುತ್ತಿದ್ದೇನೆ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಇದನ್ನು ಸಿದ್ಧಾಂತವಾಗಿಯೇ ಮಂಡಿಸಿದರು. "ಈ ಕೆಲಸ ನನ್ನಿಂದ ಆಗುತ್ತದೆ" ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಎಂದರು ಅವರು: ಸ್ವತಃ ಮಾಡಿ ಪಡೆದ ಅನುಭವ, ನಮ್ಮಂಥವರು ಮಾಡುವುದನ್ನು ಕಣ್ಣಾರೆ ಕಂಡದ್ದು, ಬೇರೆಯವರ ಪ್ರೋತ್ಸಾಹ, ಆ ಹೊತ್ತಿನಲ್ಲಿ ನಮ್ಮ ಮೈ ಕೊಡುವ ಸೂಚನೆ. ನಾಲ್ಕರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲನೆಯದು. ಹಾವಿನ ಭಯ ಇದ್ದವರ ಜೊತೆ ಬಂಡೂರ ಮತ್ತು ಸಂಗಡಿಗರು ಮಾಡಿದ ಪ್ರಯೋಗಗಳಲ್ಲಿ, ಭಯಪಡಬೇಡಿ ಎಂದು ಬರೀ ಬಾಯಿಮಾತಿನಲ್ಲಿ ಹೇಳಿ ಬಿಡಲಿಲ್ಲ. ಮೊದಲು ಬೇರೊಬ್ಬರು ಹಾವು ಹಿಡಿಯುವುದನ್ನು ನೋಡಿದರು, ಆಮೇಲೆ ಕೈಗವಸು ತೊಟ್ಟು ಮುಟ್ಟಿದರು, ಕೊನೆಗೆ ಬರಿಗೈಯಲ್ಲಿ. ಕನ್ನಡಿಯ ಮುಂದೆ ನಿಂತು "ನಾನು ಸಮರ್ಥ" ಎಂದು ನೂರು ಸಲ ಹೇಳಿಕೊಳ್ಳುವುದಕ್ಕಿಂತ ಸಣ್ಣದೊಂದನ್ನು ಮಾಡಿ ಮುಗಿಸುವುದು ಮೇಲು ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿ.

ಸವಾಲಿನ ಅಳತೆ

ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದು. ಜನ ಸೋಲುವುದು ಹೆಚ್ಚಾಗಿ ಛಲ ಸಾಲದೆ ಅಲ್ಲ, ಅಳತೆ ತಪ್ಪಿ. ನಾಳೆಯಿಂದ ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಒಂದು ಗಂಟೆ ಓಡುತ್ತೇನೆ, ವಾರಕ್ಕೊಂದು ಪುಸ್ತಕ ಮುಗಿಸುತ್ತೇನೆ ಎಂದು ಒಂದೇ ರಾತ್ರಿಯಲ್ಲಿ ಹೊರುತ್ತಾರೆ. ನಾಲ್ಕನೇ ದಿನಕ್ಕೆ ಎಲ್ಲವೂ ಕೈಬಿಡುತ್ತದೆ. ಉಳಿಯುವುದು "ನನ್ನ ಹಣೆಬರಹವೇ ಇಷ್ಟು" ಎಂಬ ಭಾವನೆ.

ಚಿಕ್ಕಂದಿನಲ್ಲಿ ಕಾಲು ಜಾರಿ ನೀರಿಗೆ ಬಿದ್ದಿದ್ದ ಒಬ್ಬರು ನನ್ನ ಹತ್ತಿರ ಕಲಿಯಲು ಬಂದಿದ್ದರು. ಆಳು ಎತ್ತರ, ಕೆಲಸದಲ್ಲಿ ಹತ್ತಾರು ಜನರನ್ನು ನಡೆಸುವವರು. ಆದರೆ ಮುಖಕ್ಕೆ ನೀರು ತಾಗಿದರೆ ಉಸಿರು ಕಟ್ಟುತ್ತಿತ್ತು. ಅವರಿಗೆ ನಾನು ಮುಖ ಮುಳುಗಿಸಿ ಎಂದು ಹೇಳಲೇ ಇಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಅಂಚಿನ ಕಂಬಿ ಹಿಡಿದು, ಗದ್ದ ಮಾತ್ರ ತಾಗಿಸಿ ಎಂದೆ. ಮುಂದಿನ ತರಗತಿಯಲ್ಲಿ ತುಟಿಯವರೆಗೆ, ಬಾಯಿಂದ ಗುಳ್ಳೆ ಬಿಡುತ್ತಾ. ಅದಾದ ಮೇಲೆ ಬಾಯಿ ಮುಚ್ಚಿ "ಮ್" ಎಂದು ಗುನುಗುತ್ತಾ ಮೂಗಿನವರೆಗೆ. ಗುನುಗುವಾಗ ಗಾಳಿ ಮೂಗಿನಿಂದ ಹೊರಬರುತ್ತಿರುತ್ತದೆ, ನೀರು ಒಳಗೆ ನುಗ್ಗುವುದಿಲ್ಲ. ಇದನ್ನು ಬಾಯಲ್ಲಿ ಎಷ್ಟು ವಿವರಿಸಿದರೂ ಅವರು ನಂಬಿರಲಿಲ್ಲ. ತಮ್ಮದೇ ಮೂಗು ತೋರಿಸಿಕೊಟ್ಟ ಮೇಲೆ ನಂಬಿದರು. ಮುಖ ಪೂರ್ತಿ ಮುಳುಗಿಸಿ ಎದ್ದ ದಿನ ಅವರು ಕಣ್ಣೊರೆಸಿಕೊಂಡು, ನನ್ನನ್ನು ಕೇಳದೆಯೇ, ಮತ್ತೊಮ್ಮೆ ಮುಳುಗಿದರು. ಕಲಿಸುವವರಿಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ.

ನಿಮ್ಮ ಸವಾಲಿಗೂ ಇದೇ ರೀತಿ ಗದ್ದ, ತುಟಿ, ಮೂಗು ಹುಡುಕಿ. ಸಭೆಯಲ್ಲಿ ಬಾಯಿ ಬಿಡಲು ಭಯವೇ? ಮೊದಲ ಹಂತ, ಸಭೆ ಶುರುವಾಗುವ ಮುಂಚೆ ಪಕ್ಕದವರ ಜೊತೆ ಅವತ್ತಿನ ವಿಷಯದ ಬಗ್ಗೆ ಎರಡು ಮಾತು. ಎರಡನೆಯದು, ಬೇರೊಬ್ಬರು ಹೇಳಿದ್ದನ್ನು ಒಪ್ಪಿ ಒಂದು ವಾಕ್ಯ. ಮೂರನೆಯದು, ಮನೆಯಲ್ಲೇ ಬರೆದು ತಂದ ಒಂದು ಪ್ರಶ್ನೆ. ನಿಮ್ಮದೇ ಅಭಿಪ್ರಾಯವನ್ನು ಎದ್ದು ಹೇಳುವುದು ಅದರ ನಂತರದ ಮಾತು.

ಅಳತೆ ಸರಿಯಿದೆಯೇ ಎಂದು ತಿಳಿಯಲು ನಾನು ಕೇಳುವ ಪ್ರಶ್ನೆ ಒಂದಿದೆ: ನಾಳೆ ಇದನ್ನು ಮಾಡಿಯೇ ಮಾಡುತ್ತೇನೆ ಎಂಬ ನಂಬಿಕೆ ಹತ್ತಕ್ಕೆ ಎಷ್ಟು? ಏಳಕ್ಕಿಂತ ಕಡಿಮೆ ಅಂದರೆ ಸವಾಲನ್ನು ಕತ್ತರಿಸಿ, ಮತ್ತೆ ಕೇಳುತ್ತೇನೆ. ಹತ್ತಕ್ಕೆ ಹತ್ತು ಅಂದರೆ ಅದು ಸವಾಲೇ ಅಲ್ಲ, ಸ್ವಲ್ಪ ಬಿಗಿ ಮಾಡಬೇಕು. ಏಳೆಂಟರ ಹತ್ತಿರ ಇದ್ದಾಗ ಎದೆ ಸ್ವಲ್ಪ ಹೊಡೆದುಕೊಳ್ಳುತ್ತದೆ, ಕಾಲು ಮಾತ್ರ ಹಿಂದೆ ಸರಿಯುವುದಿಲ್ಲ. ಬೇಕಾದದ್ದು ಅದೇ.

ವಾಪಸು ಬರುವ ದಾರಿ ಮೊದಲು

ತೇಲುವುದನ್ನು ಕಲಿಸುವ ಮುಂಚೆ ನಾನು ಎದ್ದು ನಿಲ್ಲುವುದನ್ನು ಕಲಿಸುತ್ತೇನೆ. ಬೋರಲಾಗಿ ತೇಲುತ್ತಿರುವವರು ಮಂಡಿಯನ್ನು ಹೊಟ್ಟೆಯ ಕಡೆಗೆ ಎಳೆದುಕೊಂಡು, ಎರಡೂ ಕೈಯಿಂದ ನೀರನ್ನು ಕೆಳಗೆ ಒತ್ತಿ, ತಲೆ ಎತ್ತಿ, ಪಾದ ಊರಬೇಕು. ಇಷ್ಟೇ. ಇದು ಬಂದವರು ನಿಶ್ಚಿಂತೆಯಿಂದ ಕೈ ಬಿಡುತ್ತಾರೆ. ಬಾರದವರು ಮೈಯನ್ನು ಮರಗಟ್ಟಿಸಿಕೊಂಡು ಕಂಬಿಯನ್ನು ಬಿಡುವುದೇ ಇಲ್ಲ. ಭಯ ಮುಕ್ಕಾಲು ಪಾಲು ನೀರಿನದ್ದಲ್ಲ, "ಆಮೇಲೆ ಏನು ಮಾಡಲಿ" ಎಂದು ಗೊತ್ತಿಲ್ಲದ್ದು.

ಹಾಗಾಗಿ ಯಾವ ಸವಾಲಿಗೂ ಇಳಿಯುವ ಮುಂಚೆ, ನಡುವೆ ಕೈಕೊಟ್ಟರೆ ಏನು ಮಾಡುತ್ತೀರಿ ಎಂಬುದನ್ನು ನಿರ್ಧರಿಸಿಡಿ. ಮಾತಿನ ನಡುವೆ ಉತ್ತರ ಹೊಳೆಯದಿದ್ದರೆ "ಇದನ್ನು ನೋಡಿಕೊಂಡು ನಾಳೆ ಹೇಳುತ್ತೇನೆ" ಎಂಬ ವಾಕ್ಯ ನಾಲಿಗೆಯ ಮೇಲಿರಲಿ. ಒಬ್ಬರೇ ಊರು ಸುತ್ತಲು ಹೊರಟರೆ ವಾಪಸು ಬರುವ ಬಸ್ಸಿನ ಹೊತ್ತು ಜೇಬಿನಲ್ಲಿ ಬರೆದಿರಲಿ. ಇಪ್ಪತ್ತು ನಿಮಿಷ ಚಿತ್ರ ಬರೆಯುವ ಗುರಿ ಇದ್ದರೆ, ಐದು ನಿಮಿಷಕ್ಕೆ ಎದ್ದರೂ ಆ ದಿನ ಲೆಕ್ಕಕ್ಕೆ ಬರುತ್ತದೆ ಎಂದು ಮುಂಚೆಯೇ ಒಪ್ಪಿಕೊಳ್ಳಿ. (ನೀರಿನ ವಿಷಯದಲ್ಲಿ ಮಾತ್ರ ಇದ್ಯಾವುದನ್ನೂ ಒಬ್ಬರೇ ಪ್ರಯೋಗ ಮಾಡಬೇಡಿ. ಈಜು ಬಲ್ಲವರು ಪಕ್ಕದಲ್ಲಿ ಇರಲೇಬೇಕು.)

ಗುರಿಯನ್ನು ಹೇಳುವ ರೀತಿ

"ಆದಷ್ಟು ಮಾಡುತ್ತೇನೆ" ಎನ್ನುವುದು ಗುರಿಯಲ್ಲ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲ್ಯಾಥಮ್ ಎಂಬ ಇಬ್ಬರು ಸಂಶೋಧಕರು ದಶಕಗಳ ಕಾಲ ನಡೆಸಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು, ಖಚಿತವಾದ ಮತ್ತು ಸ್ವಲ್ಪ ಕಷ್ಟದ ಗುರಿ ಇಟ್ಟುಕೊಂಡವರು "ಆದಷ್ಟು" ಎಂದವರಿಗಿಂತ ಹೆಚ್ಚು ಸಾಧಿಸುತ್ತಾರೆ ಎಂದು. ಜೊತೆಗೆ ಒಂದು ಎಚ್ಚರಿಕೆಯೂ ಇದೆ. ಪೂರ್ತಿ ಹೊಸ ವಿದ್ಯೆಯನ್ನು ಕಲಿಯುವಾಗ ಫಲಿತಾಂಶದ ಗುರಿಗಿಂತ ಕಲಿಕೆಯ ಗುರಿ ಒಳ್ಳೆಯದು. ಹೊಸಬರಿಗೆ "ಈ ತಿಂಗಳು ಇಪ್ಪತ್ತೈದು ಮೀಟರ್ ಈಜಬೇಕು" ಎಂದರೆ ಕೈಕಾಲು ಬಡಿದು ಸುಸ್ತಾಗುತ್ತಾರೆ. "ನೀರೊಳಗೆ ನಿಧಾನವಾಗಿ ಉಸಿರು ಬಿಡುವ ಮೂರು ವಿಧಾನ ಪ್ರಯತ್ನಿಸಿ, ಯಾವುದು ಹಗುರ ಎಂದು ಹೇಳಿ" ಎಂದರೆ ಕಲಿಯುತ್ತಾರೆ.

ಖಚಿತ ಎಂದರೆ ಎಲ್ಲಿ, ಯಾವಾಗ ಎಂಬುದೂ ಸೇರಿ. ಪೀಟರ್ ಗೋಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು "ಹೀಗಾದಾಗ ಹೀಗೆ ಮಾಡುತ್ತೇನೆ" ಎಂಬ ರೂಪದ ಯೋಜನೆಗಳನ್ನು ಅಧ್ಯಯನ ಮಾಡಿದ್ದಾರೆ. 2006ರಲ್ಲಿ ಅವರು ಮತ್ತು ಪ್ಯಾಸ್ಕಲ್ ಶೀರನ್ 94 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಇಂಥ ಯೋಜನೆಯಿಂದ ಗುರಿ ಮುಟ್ಟುವ ಸಾಧ್ಯತೆ ಸಾಕಷ್ಟು ಹೆಚ್ಚುವುದು ಕಂಡಿತು. "ದಿನಾ ಓದುತ್ತೇನೆ" ಎನ್ನುವ ಬದಲು "ರಾತ್ರಿ ಹಲ್ಲುಜ್ಜಿ ಬಂದ ತಕ್ಷಣ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ನಾಲ್ಕು ಪುಟ ಓದುತ್ತೇನೆ" ಎಂದು ಬರೆದುಕೊಳ್ಳಿ. ಆಗ ಓದಲೋ ಬೇಡವೋ ಎಂದು ದಿನವೂ ಮನಸ್ಸಿನ ಜೊತೆ ಜಗ್ಗಾಡುವ ಕೆಲಸ ಉಳಿಯುವುದಿಲ್ಲ.

ಎರಡು ಅಂಕಿ ಬರೆದಿಡಿ

ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಸವಾಲಿಗೆ ಮುಂಚೆ, ಎಷ್ಟು ಭಯವಾಗುತ್ತಿದೆ ಎಂದು ಹತ್ತಕ್ಕೆ ಒಂದು ಅಂಕಿ. ಮುಗಿದ ಮೇಲೆ, ನಿಜಕ್ಕೂ ಎಷ್ಟು ಕಷ್ಟವಾಯಿತು ಎಂದು ಇನ್ನೊಂದು ಅಂಕಿ. ಪಕ್ಕದಲ್ಲಿ ಒಂದು ಸಾಲು: ಏನು ಮಾಡಿದೆ. ಅಷ್ಟು ಸಾಕು, ದಿನಚರಿಯಂತೆ ಪುಟಗಟ್ಟಲೆ ಬೇಡ.

ಯಾಕೆಂದರೆ ಮನಸ್ಸು ಸೋತದ್ದನ್ನು ಚೆನ್ನಾಗಿ ನೆನಪಿಡುತ್ತದೆ, ಸಣ್ಣ ಗೆಲುವನ್ನು "ಅದೇನು ಮಹಾ" ಎಂದು ಬದಿಗೆ ಸರಿಸುತ್ತದೆ. ಕಾಗದ ಹಾಗೆ ಮಾಡುವುದಿಲ್ಲ. ನನ್ನ ವಿದ್ಯಾರ್ಥಿಗಳ ಪುಸ್ತಕಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು, ಮೊದಲ ಅಂಕಿ ಎಂಟು, ಎರಡನೆಯದು ನಾಲ್ಕು. ಮೊದಲನೆಯದು ಏಳು, ಎರಡನೆಯದು ಮೂರು. ಹೀಗೆ ಒಂದು ಪುಟ ತುಂಬಿದಾಗ, ತಮ್ಮ ಭಯ ದೊಡ್ಡದು ಮಾಡಿ ಹೇಳುತ್ತದೆ ಎಂಬುದಕ್ಕೆ ಅವರದೇ ಕೈಬರಹದಲ್ಲಿ ಪುರಾವೆ ಸಿಗುತ್ತದೆ. ಬೇರೆ ಯಾರ ಉಪದೇಶಕ್ಕೂ ಆ ಬಲ ಇಲ್ಲ.

ಎಲ್ಲರೂ ನೋಡುತ್ತಿದ್ದಾರೆ ಅನ್ನಿಸಿದಾಗ

ಈಜುಡುಗೆ ತೊಟ್ಟು ಹೊರಬರುವುದೇ ಹಲವರಿಗೆ ನೀರಿಗಿಂತ ದೊಡ್ಡ ಭಯ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಮುಜುಗರ ತರುವ ಚಿತ್ರವಿದ್ದ ಟೀ ಶರ್ಟ್ ತೊಡಿಸಿ ಒಬ್ಬ ವಿದ್ಯಾರ್ಥಿಯನ್ನು ಇತರರಿದ್ದ ಕೋಣೆಗೆ ಕಳಿಸುತ್ತಿದ್ದರು. ತೊಟ್ಟವರು ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದುಕೊಂಡರು. ಗಮನಿಸಿದ್ದು ಸುಮಾರು ಕಾಲು ಭಾಗ. ಕೊಳದಲ್ಲಿ ನಾನು ದಿನವೂ ನೋಡುವುದೂ ಇದನ್ನೇ: ಪ್ರತಿಯೊಬ್ಬರೂ ತಮ್ಮ ಉಸಿರು, ತಮ್ಮ ಕಾಲಿನ ಚಿಂತೆಯಲ್ಲೇ ಇರುತ್ತಾರೆ.

ಎದೆ ಬಡಿತ ಜೋರಾದರೆ ಅದನ್ನು ಅಡಗಿಸಲು ಹೋಗಬೇಡಿ. ಒಳಗೆ ಎಳೆದುಕೊಂಡದ್ದಕ್ಕಿಂತ ದೀರ್ಘವಾಗಿ ಉಸಿರನ್ನು ಹೊರಗೆ ಬಿಡಿ, ನಾಲ್ಕೈದು ಸಲ. ಆಮೇಲೆ ಮುಂದಿನ ಹೆಜ್ಜೆ.

ತಪ್ಪಿದ ದಿನ

ಒಂದು ದಿನ ತಪ್ಪಿಯೇ ತಪ್ಪುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರ 2010ರ ಅಧ್ಯಯನದಲ್ಲಿ 96 ಮಂದಿ ತಲಾ ಒಂದು ಹೊಸ ಅಭ್ಯಾಸ ಆರಿಸಿಕೊಂಡಿದ್ದರು. ಅದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನದವರೆಗೆ ವ್ಯತ್ಯಾಸವಿತ್ತು. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂತುಬಿಡುತ್ತದೆ ಎಂದು ಕೇಳಿ, ಇಪ್ಪತ್ತೆರಡನೇ ದಿನ ತಮ್ಮನ್ನೇ ಬೈದುಕೊಳ್ಳುವವರಿಗೆ ನಾನು ಈ ಅಂಕಿಗಳನ್ನು ತೋರಿಸುತ್ತೇನೆ. ಅದೇ ಅಧ್ಯಯನದಲ್ಲಿ, ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ತಪ್ಪಿದ ಮಾರನೆಯ ದಿನ ದುಪ್ಪಟ್ಟು ಮಾಡಿ ಸರಿದೂಗಿಸಲು ಹೋಗಬೇಡಿ. ಅದೇ ಅಳತೆ, ಅದೇ ಹೊತ್ತು, ಅಷ್ಟೇ. ಒಂದೇ ಹಂತದಲ್ಲಿ ಮೂರು ನಾಲ್ಕು ಸಲ ಕೈಕೊಟ್ಟರೆ ಮಾತ್ರ, ತುಟಿಯಿಂದ ಗದ್ದಕ್ಕೆ ಬನ್ನಿ.

ಸಂತೋಷ ಎಲ್ಲಿಂದ

ಸಂತೋಷಕ್ಕೂ ಧೈರ್ಯದ ಹಾಗೆಯೇ, ಕೆಲಸ ಮುಂದೆ, ಭಾವನೆ ಹಿಂದೆ. ಮನಸ್ಸು ಕುಗ್ಗಿದವರು ಒಂದೊಂದಾಗಿ ಇಷ್ಟದ ಕೆಲಸಗಳನ್ನು ಬಿಡುತ್ತಾರೆ, ಬಿಟ್ಟಷ್ಟೂ ಇನ್ನಷ್ಟು ಕುಗ್ಗುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ಅಧ್ಯಯನ ಮಾಡಿದರು. ಹಾಗಾಗಿ ಮನಸ್ಸು ಸರಿಹೋಗಲಿ ಎಂದು ಕಾಯದೆ, ಖುಷಿ ಕೊಡುವ ಒಂದು, "ಮುಗಿಸಿದೆ" ಅನ್ನಿಸುವ ಒಂದು, ಹೀಗೆ ದಿನಕ್ಕೆ ಎರಡು ಸಣ್ಣ ಕೆಲಸಗಳಿಗೆ ಹೊತ್ತು ಗೊತ್ತುಮಾಡಿ. ಎಂಟು ನಿಮಿಷದ ನಡಿಗೆ ಮೊದಲನೆಯದಾಗಬಹುದು, ತಿಂಗಳಿಂದ ಮುಂದೂಡುತ್ತಿದ್ದ ಒಂದು ಫೋನ್ ಕರೆ ಎರಡನೆಯದು. ಎರಡು ವಾರ ದಾಟಿದರೂ ಯಾವುದರಲ್ಲೂ ರುಚಿ ಇಲ್ಲ, ನಿದ್ದೆ ಊಟ ಕೆಟ್ಟಿದೆ ಅಂದರೆ ಅದು ಸಣ್ಣ ಸವಾಲುಗಳಿಂದ ಸರಿಮಾಡಿಕೊಳ್ಳುವ ವಿಷಯವಲ್ಲ. ವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅವತ್ತೇ ಹೋಗಿ.

ಇನ್ನೊಂದು ಮಾತು, ಗುರಿ ಯಾರದ್ದು? ಮನಶ್ಶಾಸ್ತ್ರಜ್ಞರಾದ ಕೆನನ್ ಶೆಲ್ಡನ್ ಮತ್ತು ಆ್ಯಂಡ್ರೂ ಎಲಿಯಟ್ 1999ರಲ್ಲಿ ಬರೆದಂತೆ, ತಮ್ಮ ಆಸಕ್ತಿ ಮತ್ತು ಮೌಲ್ಯಗಳಿಗೆ ಹೊಂದುವ ಗುರಿಗಳಿಗೆ ಜನ ಹೆಚ್ಚು ಕಾಲ ಶ್ರಮ ಹಾಕುತ್ತಾರೆ, ಮುಟ್ಟಿದಾಗ ಸಿಗುವ ನೆಮ್ಮದಿಯೂ ಹೆಚ್ಚು. ಮನೆಯವರ ಒತ್ತಾಯಕ್ಕೆ ಬಂದವರು ಈಜು ಕಲಿತರೂ ಮತ್ತೆ ಕೊಳದ ಕಡೆ ಬರದೇ ಇರುವುದನ್ನು ನಾನು ನೋಡಿದ್ದೇನೆ. "ಮೊಮ್ಮಗಳ ಜೊತೆ ನೀರಿನಲ್ಲಿ ಆಡಬೇಕು" ಎಂದು ಬಂದ ಒಬ್ಬ ಅಜ್ಜಿ ಕಲಿತದ್ದು ನಿಧಾನ, ಆದರೆ ಈಗಲೂ ತಪ್ಪದೆ ಬರುತ್ತಾರೆ.

ಆದ್ದರಿಂದ ತಿಂಗಳಿಗೊಮ್ಮೆ ನಿಮ್ಮ ಪುಸ್ತಕ ತೆರೆದು ಪ್ರತಿ ಗುರಿಯ ಮುಂದೆ, ಯಾರಿಗೂ ಗೊತ್ತಾಗದಿದ್ದರೂ ಇದನ್ನು ಮಾಡುತ್ತೇನೆಯೇ ಎಂದು ಕೇಳಿಕೊಳ್ಳಿ. ಇಲ್ಲ ಅನ್ನಿಸಿದ್ದನ್ನು ಗೆರೆ ಎಳೆದು ಹೊಡೆದುಹಾಕಿ. ಎರಡೂ ಅಂಕಿ ಎರಡಕ್ಕೋ ಮೂರಕ್ಕೋ ಇಳಿದಿರುವುದನ್ನು ಸವಾಲಿನ ಪಟ್ಟಿಯಿಂದ ತೆಗೆಯಿರಿ, ಅದೀಗ ನಿಮಗೆ ಬರುವ ವಿದ್ಯೆ. ತೆರವಾದ ಆ ಸಾಲಿನಲ್ಲಿ, ಹತ್ತಕ್ಕೆ ಏಳು ನಂಬಿಕೆ ಇರುವ ಹೊಸದೊಂದನ್ನು ಬರೆಯಿರಿ.