ಗಾಲಿ ಬಿಚ್ಚಿ, ಟ್ರ್ಯಾಕ್ಟರ್ ಮುರಿಯಬೇಡಿ

ಬೀದರ್‌ನ ನಮ್ಮ ಮನೆಯ ಶೋಕೇಸ್‌ನಲ್ಲಿ ಹನ್ನೊಂದು ಟ್ರ್ಯಾಕ್ಟರ್‌ಗಳಿವೆ. ಎಲ್ಲವೂ ಲೋಹದ ಎರಕದ ಮಾಡೆಲ್‌ಗಳು. ಅದರಲ್ಲಿ ಒಂದಕ್ಕೆ ಮುಂದಿನ ಬಲಗಾಲಿ ಇಲ್ಲ.

ಆ ಗಾಲಿಗೆ ಕೂದಲು ಸುತ್ತಿಕೊಂಡಿತ್ತು. ತೆಗೆಯೋಣ ಅಂತ ಗಾಲಿ ಹಿಡಿದು ಸ್ವಲ್ಪ ಓರೆಯಾಗಿ ಎಳೆದೆ. ಟಿಕ್ ಅಂತ ಸದ್ದು. ಗಾಲಿ ಆಕ್ಸಲ್‌ನಿಂದ, ಅಂದರೆ ಗಾಲಿ ಕೂತಿರುವ ಕಡ್ಡಿಯಿಂದ, ಕದಲಿರಲಿಲ್ಲ. ಆಕ್ಸಲ್ ಹಿಡಿದಿದ್ದ ಲೋಹದ ಕಿವಿಯೇ ಮುರಿದು ಕೈಗೆ ಬಂದಿತ್ತು. ಮುರಿದ ಜಾಗ ಬೂದು ಬಣ್ಣ, ಸಕ್ಕರೆಯ ಹಾಗೆ ಹರಳು ಹರಳು.

ಬೆಸುಗೆ ಹಾಕಿಸಬಹುದಾ ಅಂತ ಆ ತುಂಡನ್ನು ಚೌಬಾರದ ಕಡೆ ಬಿದ್ರಿ ಕೆಲಸ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ, ‘ತಮ್ಮಾ, ಇದು ಸತುವಿನ ಮಾಲು. ಬಾಗಲ್ಲ, ಮುರಿತದ’ ಅಂದರು.

ಅಷ್ಟರಲ್ಲೇ ಎಲ್ಲ ಇದೆ. ಬಿದ್ರಿಯ ಹೂಜಿಯೂ ಸತುವಿನ ಎರಕವೇ, ಅದಕ್ಕೆ ಸ್ವಲ್ಪ ತಾಮ್ರ ಸೇರಿರುತ್ತದೆ. ಮಾಡೆಲ್ ಟ್ರ್ಯಾಕ್ಟರಿನ ಸತುವಿಗೆ ಶೇ 4ರಷ್ಟು ಅಲ್ಯೂಮಿನಿಯಂ ಬೆರೆಸಿರುತ್ತಾರೆ. ಇದು 400 ಡಿಗ್ರಿ ಸೆಲ್ಸಿಯಸ್‌ಗೂ ಮೊದಲೇ ಕರಗಿ, ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತದೆ. ಬಾನೆಟ್ಟಿನ ಜಾಲರಿ, ಸೀಟಿನ ಕೆಳಗಿನ ಬೋಲ್ಟ್ ಕೂಡ ಅಷ್ಟು ಚೆನ್ನಾಗಿ ಮೂಡುವುದು ಅದಕ್ಕೇ. ಆದರೆ ತೆಳುವಾದ ಕಡೆ ಓರೆ ಬಲ ಬಿದ್ದರೆ ತಡೆಯುವುದಿಲ್ಲ. ಅದಕ್ಕೆ ಗಾಲಿ ಬಿಚ್ಚುವಾಗ ನಿಮ್ಮ ಬಲವೆಲ್ಲ ಗಾಲಿ ಮತ್ತು ಆಕ್ಸಲ್ ನಡುವೆಯೇ ಮುಗಿಯಬೇಕು. ಟ್ರ್ಯಾಕ್ಟರಿನ ಮೈಗೆ ಅದು ತಾಗಲೇಬಾರದು.

ಯಾವ ಜೋಡಣೆ ಅಂತ ನೋಡಿ

ಮಾಡೆಲ್ ತಿರುಗಿಸಿ, ಟಾರ್ಚ್ ಬೆಳಕಲ್ಲಿ ನೋಡಿ. ಮಣ್ಣು ಕೂತಿದ್ದರೆ ಹಳೆಯ ಟೂತ್‌ಬ್ರಷ್‌ನಿಂದ ತೆಗೆಯಿರಿ. ಗಾಲಿಯ ನಡುವೆ ಸಣ್ಣ ಮುಚ್ಚಳವಿದ್ದರೆ ಅದರ ಕೆಳಗೆ ಸ್ಕ್ರೂ ಇರಬಹುದು. 1:16 ಅಳತೆಯ, ಅಂದರೆ ನಿಜವಾದ ಟ್ರ್ಯಾಕ್ಟರಿನ ಹದಿನಾರನೇ ಒಂದರಷ್ಟು ಉದ್ದದ, ದೊಡ್ಡ ಮಾಡೆಲ್‌ಗಳಲ್ಲಿ ಹೀಗಿರುವುದುಂಟು. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಹಾಕಿ ಬಿಚ್ಚಿದರೆ ಆಯಿತು.

ಮುಂದಿನ ಗಾಲಿ ಕೆಲವದರಲ್ಲಿ ಪ್ಲಾಸ್ಟಿಕ್ ಪಿನ್ನಿನ ಮೇಲೆ ಕೂತಿರುತ್ತದೆ. ಪಿನ್ನಿನ ತುದಿ ಸೀಳಿರುತ್ತದೆ. ಆ ಎರಡು ಎಸಳುಗಳನ್ನು ಚಿಮುಟದಿಂದ ಒತ್ತಿ ಹಿಡಿದು ಗಾಲಿಯನ್ನು ನೇರವಾಗಿ ಹೊರಗೆ ಸರಿಸಿ. ಒತ್ತದೆ ಎಳೆದರೆ ಎಸಳು ಮುರಿಯುತ್ತದೆ.

ಬೆಂಕಿಪೆಟ್ಟಿಗೆಯಷ್ಟು ಇರುವ 1:64 ಮಾಡೆಲ್‌ಗಳಲ್ಲಿ ಉಕ್ಕಿನ ತಂತಿಯಂಥ ಆಕ್ಸಲ್ ಇರುತ್ತದೆ. ಅದರ ತುದಿಯನ್ನು ಬಡಿದು ಅಣಬೆಯ ತಲೆಯ ಹಾಗೆ ಅಗಲ ಮಾಡಿರುತ್ತಾರೆ. ಇಲ್ಲಿ ಎಳೆಯುವ ಮಾತೇ ಇಲ್ಲ. ಒಂದು ಕಡೆಯ ತಲೆಯನ್ನು ಸಣ್ಣ ಅರದಿಂದ ಸಾವಕಾಶವಾಗಿ ಉಜ್ಜಿ ತೆಗೆಯಿರಿ. ರಿಮ್ಮಿಗೆ ಗೀರು ಬೀಳದ ಹಾಗೆ ಮೊದಲೇ ಪೇಪರ್ ಟೇಪ್ ಅಂಟಿಸಿ. ಒಂದು ಗಾಲಿ ಬಂದರೆ ಸಾಕು, ಇನ್ನೊಂದು ಆಕ್ಸಲ್ ಜೊತೆಗೇ ಆ ಕಡೆಯಿಂದ ಹೊರಬರುತ್ತದೆ.

ಜಾಸ್ತಿ ಕಷ್ಟ ಕೊಡುವುದು ನಾಲ್ಕನೆಯದು. 1:32 ಅಳತೆಯ ಎಷ್ಟೋ ಮಾಡೆಲ್‌ಗಳ ಹಿಂದಿನ ದೊಡ್ಡ ಗಾಲಿಗಳು ಇಂಥವು. ಉಕ್ಕಿನ ಆಕ್ಸಲ್ ತುದಿಯಲ್ಲಿ ಸಣ್ಣ ಸಣ್ಣ ಗೆರೆ ಕೊರೆದು, ಅದರ ಮೇಲೆ ಪ್ಲಾಸ್ಟಿಕ್ ಗಾಲಿಯನ್ನು ಬಿಗಿಯಾಗಿ ಒತ್ತಿರುತ್ತಾರೆ. ಸ್ಕ್ರೂ ಇಲ್ಲ, ಲಾಕ್ ಇಲ್ಲ, ಬಿಗಿಯೇ ಎಲ್ಲ.

ಒತ್ತಿ ಕೂರಿಸಿದ ಗಾಲಿ

ಮೊದಲು ಟೈರ್ ತೆಗೆಯಿರಿ. ಅದಕ್ಕೂ ಮೊದಲು ಮೊಬೈಲ್‌ನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಎಡ ಯಾವುದು, ಬಲ ಯಾವುದು ಅಂತ ಆಮೇಲೆ ನೆನಪಿರುವುದಿಲ್ಲ. ಟೈರ್ ಗಟ್ಟಿಯಾಗಿದ್ದರೆ ಹೇರ್ ಡ್ರೈಯರ್‌ನಿಂದ ಒಂದು ನಿಮಿಷ ಬಿಸಿ ಮಾಡಿ, ಹೆಬ್ಬೆರಳಿನಿಂದ ಒಂದು ಅಂಚನ್ನು ಮಡಚಿ ಸುತ್ತಲೂ ಬಿಡಿಸಿಕೊಂಡು ಬನ್ನಿ. ಚಾಕು ಬೇಡ. ನಮ್ಮ ಕಡೆಯ ಬೇಸಿಗೆಯಲ್ಲಿ ಇನ್ನೊಂದು ತೊಂದರೆ ಇದೆ. ಮೆತ್ತನೆಯ ಟೈರಿಗೆ ಬೆರೆಸಿದ ಎಣ್ಣೆಯಂಥ ಪದಾರ್ಥ ವರ್ಷಗಳು ಹೋದಂತೆ ಹೊರಗೆ ಒಸರಿ, ಪ್ಲಾಸ್ಟಿಕ್ ರಿಮ್ಮನ್ನೇ ಕರಗಿಸಿ ಅಂಟಿಕೊಳ್ಳುತ್ತದೆ. ಸೆಕೆ ಹೆಚ್ಚಿದಷ್ಟೂ ಇದು ಬೇಗ. ಅಂಟಿದ ಟೈರನ್ನು ಕಿತ್ತರೆ ರಿಮ್ಮಿನ ಮೇಲ್ಪದರವೂ ಬರುತ್ತದೆ. ಅಂಥದ್ದನ್ನು ಟೈರ್ ಸಮೇತವೇ ಬಿಚ್ಚಿ.

ಈಗ ಬಿಸಿನೀರು. ಬಟ್ಟಲಲ್ಲಿ 60ರಿಂದ 70 ಡಿಗ್ರಿಯ ನೀರು ಇರಲಿ, ಕುದಿಯುವ ನೀರು ಬೇಡ. ಬೆರಳದ್ದಿದರೆ ಕೂಡಲೇ ತೆಗೆಯುವಷ್ಟು ಬಿಸಿ. ಗಾಲಿ ಮಾತ್ರ ಮುಳುಗುವ ಹಾಗೆ ಎರಡು ನಿಮಿಷ ಹಿಡಿಯಿರಿ. ಮೈ ಮುಳುಗಿದರೆ ಸ್ಟಿಕರ್ ಎದ್ದು ಬರುತ್ತದೆ. ಅಷ್ಟೇ ಬಿಸಿಗೆ ಪ್ಲಾಸ್ಟಿಕ್ ಉಕ್ಕಿಗಿಂತ ಐದಾರು ಪಟ್ಟು ಜಾಸ್ತಿ ಹಿಗ್ಗುತ್ತದೆ. ಹಾಗಾಗಿ ರಂಧ್ರ ಸ್ವಲ್ಪ ದೊಡ್ಡದಾಗಿ ಹಿಡಿತ ಸಡಿಲವಾಗುತ್ತದೆ. ತಣ್ಣಗಾದರೆ ಮತ್ತೆ ಬಿಗಿ. ಸಾಮಾನೆಲ್ಲ ಮೊದಲೇ ಪಕ್ಕದಲ್ಲಿರಲಿ.

ಗಾಲಿಯ ಹೊರಮುಖದ ನಡುವೆ ಆಕ್ಸಲ್‌ನ ತುದಿ ಕಾಣುತ್ತಿದ್ದರೆ ನಿಮ್ಮ ಕೆಲಸ ಸುಲಭ. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ತೆಳು ಕಬ್ಬಿಣದ ಪಟ್ಟಿ ಕೇಳಿ ತನ್ನಿ. ಗಾಲಿಗೂ ಮೈಗೂ ನಡುವಿನ ಸಂದಿಗಿಂತ ಅದು ತೆಳುವಾಗಿರಬೇಕು. ಪಟ್ಟಿಯ ಒಂದು ತುದಿಯಲ್ಲಿ, ಆಕ್ಸಲ್ ಸಲೀಸಾಗಿ ಹೋಗುವಷ್ಟು ಅಗಲದ ಸೀಳು ಮಾಡಿಸಿ. ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ. ಈ ಸೀಳನ್ನು ಗಾಲಿಯ ಹಿಂದೆ ತೂರಿಸಿ, ಪಟ್ಟಿಯ ಎರಡೂ ಬದಿಗೆ ಮರದ ತುಂಡಿನ ಆಧಾರ ಕೊಡಿ. ಈಗ ಗಾಲಿ ಪಟ್ಟಿಯ ಮೇಲೆ ಕೂತಿದೆ, ಟ್ರ್ಯಾಕ್ಟರ್ ಕೆಳಗೆ ತೂಗುತ್ತಿದೆ. ಟ್ರ್ಯಾಕ್ಟರನ್ನು ಮನೆಯವರೊಬ್ಬರು ಕೆಳಗಿನಿಂದ ಹಗುರವಾಗಿ ಹಿಡಿದುಕೊಳ್ಳಲಿ. ಕೆಳಗೆ ಮಡಚಿದ ಟವೆಲ್ ಹಾಸಿ.

ಆಕ್ಸಲ್‌ಗಿಂತ ಸಣ್ಣ ಮೊಳೆಯೊಂದರ ಚೂಪನ್ನು ಉಜ್ಜಿ ಚಪ್ಪಟೆ ಮಾಡಿಟ್ಟುಕೊಳ್ಳಿ. ಅದನ್ನು ಆಕ್ಸಲ್‌ನ ತುದಿಯ ಮೇಲೆ ನೇರವಾಗಿ ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ತಟ್ಟಿ. ದೊಡ್ಡ ಏಟು ಬೇಡ. ಏಳೆಂಟು ತಟ್ಟಿದ ಮೇಲೆ ಸದ್ದು ಬದಲಾಗುತ್ತದೆ. ಗಟ್ಟಿ ಸದ್ದು ಮಂದವಾದರೆ ಆಕ್ಸಲ್ ಕದಲಿದೆ ಅಂತ ಅರ್ಥ. ಹತ್ತು ಏಟಿಗೂ ಕದಲದಿದ್ದರೆ ಮತ್ತೆ ಬಿಸಿನೀರು. ತುಕ್ಕು ಕಂಡರೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ಒಂದು ರಾತ್ರಿ ಕಾಯಿರಿ. ಎಣ್ಣೆ ಟೈರಿಗೆ ತಾಗದಿರಲಿ.

ಆಕ್ಸಲ್‌ನ ತುದಿ ಹೊರಗೆ ಕಾಣದಿದ್ದರೆ ತಟ್ಟಲು ಆಗುವುದಿಲ್ಲ. ಆಗ ಬಿಸಿ ಮಾಡಿದ ಗಾಲಿಯನ್ನು ಬಟ್ಟೆಯಲ್ಲಿ ಹಿಡಿದು ತಿರುಗಿಸುತ್ತಾ ನೇರವಾಗಿ ಎಳೆಯಿರಿ. ಇನ್ನೊಂದು ಕೈ ಎದುರಿನ ಗಾಲಿಯ ಮೇಲಿರಲಿ, ಬಾನೆಟ್ ಮೇಲೆ ಅಲ್ಲ. ಎರಡು ಗಾಲಿಗಳು ಒಂದನ್ನೊಂದು ಎಳೆಯಬೇಕು, ನಡುವಿನ ಮೈ ಸುಮ್ನೆ ಇರಬೇಕು. ಒಂದೇ ಕಡೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದನ್ನಂತೂ ಮಾಡಲೇಬೇಡಿ. ನನ್ನ ಮಾಡೆಲ್‌ನ ಕಿವಿ ಮುರಿದದ್ದು ಅಂಥದ್ದೇ ಓರೆ ಬಲಕ್ಕೆ.

ಪೇಂಟ್ ತೆಗೆಯುವ ದ್ರಾವಣ, ಉಗುರು ಬಣ್ಣ ತೆಗೆಯುವ ಅಸಿಟೋನ್ ಇವನ್ನು ಗಾಲಿಗೆ ಹಾಕಬೇಡಿ. ಪ್ಲಾಸ್ಟಿಕ್ ಕರಗಿ ಮೆತ್ತಗಾಗುತ್ತದೆ.

ಬಹಳ ಹಳೆಯ ಮಾಡೆಲ್ ಆಗಿದ್ದು, ಮೈಮೇಲೆ ಜೇಡರ ಬಲೆಯಂಥ ಬಿರುಕುಗಳಿದ್ದರೆ ಕೈ ಹಾಕಬೇಡಿ. ಎರಕದಲ್ಲಿ ಸೀಸ ಬೆರೆತಿದ್ದರೆ ತೇವದ ಗಾಳಿಗೆ ಸತು ಒಳಗೊಳಗೇ ಒಡೆಯುತ್ತಾ ಹೋಗುತ್ತದೆ. ಅದಕ್ಕೆ ಮದ್ದಿಲ್ಲ. ಒಣ ಜಾಗದಲ್ಲಿ ಇದ್ದಂತೆ ಇಡಿ.

ವಾಪಸ್ ಹಾಕುವಾಗ

ಮತ್ತೆ ಅದೇ ಬಿಸಿನೀರು, ಈ ಸಲ ಬಿಡಿ ಗಾಲಿಗೆ. ಆಕ್ಸಲ್‌ನ ಒಂದು ತುದಿ ಮರದ ಮೇಲೆ ನಿಂತಿರಲಿ, ಇನ್ನೊಂದು ತುದಿಗೆ ಗಾಲಿಯನ್ನು ಅಂಗೈಯಿಂದ ಒತ್ತಿ. ಮೈಗೆ ತಾಗುವವರೆಗೆ ಒತ್ತಿದರೆ ಗಾಲಿ ತಿರುಗುವುದಿಲ್ಲ. ನಡುವೆ ಎರಡು ಪದರ ಪೋಸ್ಟ್‌ಕಾರ್ಡ್ ಇಟ್ಟು ಒತ್ತಿ, ಆಮೇಲೆ ಕಾರ್ಡ್ ಎಳೆದುಬಿಡಿ. ಹಿಡಿತ ಸಡಿಲ ಅನಿಸಿದರೆ ಆಕ್ಸಲ್ ತುದಿಯನ್ನು ಇಕ್ಕಳದಲ್ಲಿ ಕಚ್ಚಿಸಿ ಹೊಸ ಗೆರೆ ಮೂಡಿಸಿ. ಫೆವಿಕ್ವಿಕ್‌ನಂಥ ಅಂಟು ಬೇಡ, ಅದರ ಆವಿಗೆ ಹೊಳೆಯುವ ರಿಮ್ಮಿನ ಮೇಲೆ ಬಿಳಿ ಮಂಜು ಕೂರುತ್ತದೆ. ಬೇಕೇಬೇಕು ಅಂದರೆ ಸೂಜಿಯ ತುದಿಯಷ್ಟು ಎಪಾಕ್ಸಿ ಸಾಕು.

ಟೈರ್ ಹಾಕುವ ಮುಂಚೆ ಉಬ್ಬು ಗೆರೆಗಳ ದಿಕ್ಕು ನೋಡಿ. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಆ ಗೆರೆಗಳು ಮನೆಯ ಮಾಡಿನ ಹಾಗೆ ಕಾಣಬೇಕು, ಕೂಡುವ ತುದಿ ಮೇಲಕ್ಕೆ. ಹೊಲದಲ್ಲಿ ಮಣ್ಣು ಹಿಡಿದು ಹೊರಗೆ ಚೆಲ್ಲುವುದು ಹಾಗಿದ್ದರೇ. ಹೋದ ಮಣ್ಣೆತ್ತಿನ ಅಮಾವಾಸ್ಯೆಗೆ ಅಕ್ಕನ ಮಗ ಪೂಜೆಯ ಎತ್ತುಗಳ ಪಕ್ಕ ನನ್ನದೊಂದು ಟ್ರ್ಯಾಕ್ಟರ್ ತಂದಿಟ್ಟಿದ್ದ. ಊರಿನಿಂದ ಬಂದಿದ್ದ ಅವನ ಅಜ್ಜ ನೋಡಿದವರೇ ‘ಟೈರ್ ಉಲ್ಟಾ ಹಾಕಿದ್ರಲ್ಲೋ’ ಅಂದರು. ಅವತ್ತೇ ಬಿಚ್ಚಿ ಸರಿ ಮಾಡಿದೆ.

ಕೊನೆಗೆ ಕಿಟಕಿಯ ಗಾಜು ಅಥವಾ ಗ್ರಾನೈಟ್ ಕಟ್ಟೆಯ ಮೇಲೆ ನಿಲ್ಲಿಸಿ. ನಾಲ್ಕು ಗಾಲಿಯ ಕೆಳಗೂ ಒಂದೊಂದು ಚೂರು ಪೇಪರ್ ಇಟ್ಟು ಎಳೆದು ನೋಡಿ. ಒಂದು ಪೇಪರ್ ಸುಮ್ನೆ ಜಾರಿ ಬಂದರೆ ಆ ಗಾಲಿ ನೆಲ ಮುಟ್ಟಿಲ್ಲ. ಇನ್ನೊಂದು ಸಲ ಬಿಸಿನೀರಿಗೆ ಹಿಡಿದು ನೇರ ಮಾಡಿ.