ಕೂಲರ್ ಹೊಟ್ಟೆಯ ಗಾಳಿ ತೆಗೆದದ್ದು

ನನ್ನ ಕಂಪ್ಯೂಟರಿನ ಪ್ರೊಸೆಸರನ್ನು ತಣ್ಣಗಿಡುವುದು ನೀರಿನ ಕೂಲರ್: ಪಂಪೊಂದು ದ್ರವವನ್ನು ಟ್ಯೂಬುಗಳಲ್ಲಿ ಸುತ್ತಿಸಿ ಪ್ರೊಸೆಸರಿನ ಬಿಸಿಯನ್ನು ರೇಡಿಯೇಟರಿಗೆ ಒಯ್ಯುತ್ತದೆ, ಅಲ್ಲಿ ಬಿಸಿ ಆರುತ್ತದೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ತಂಬಿಗೆಯಿಂದ ನೀರು ಬಗ್ಗಿಸಿದ ಹಾಗೆ ಗುಳುಗುಳು ಸದ್ದು. ಎರಡು ನಿಮಿಷಕ್ಕೆ ನಿಲ್ಲುತ್ತಿತ್ತು, ಹಾಗಾಗಿ ಒಂದು ತಿಂಗಳು ಕೇಳಿಯೂ ಕೇಳದವನಂತಿದ್ದೆ. ಆಮೇಲೆ ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿದಾಗಲೆಲ್ಲ ಪ್ರೊಸೆಸರ್ 95 ಡಿಗ್ರಿ ಮುಟ್ಟಿ, ತಾನೇ ವೇಗ ತಗ್ಗಿಸಿಕೊಳ್ಳತೊಡಗಿತು. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬೇಕೆಂದು ಬದಲಿಸಿದೆ. ಉಪಯೋಗವಾಗಲಿಲ್ಲ. ಪಂಪಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಸರಿಯಾಗೇ ಇತ್ತು. ಆದರೆ ಟ್ಯೂಬುಗಳನ್ನು ಮುಟ್ಟಿ ನೋಡಿದರೆ ಒಂದು ಸುಡುತ್ತಿದೆ, ಇನ್ನೊಂದು ತಣ್ಣಗಿದೆ. ನೀರು ಸರಿಯಾಗಿ ಹರಿಯುತ್ತಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು.

ಕೂಲರಿಗೆ ಐದು ವರ್ಷವಾಗಿತ್ತು. ಸೀಲ್ ಮಾಡಿದ್ದು ಅಂದಮಾತ್ರಕ್ಕೆ ನೀರು ಹಾಗೇ ಇರುವುದಿಲ್ಲ. ಟ್ಯೂಬಿನ ರಬ್ಬರ್ ಮೂಲಕವೇ ಒಂಚೂರು ಒಂಚೂರು ಆವಿಯಾಗಿ ಹೋಗುತ್ತದೆ, ಹನಿ ಸೋರಿದ ಗುರುತೂ ಸಿಗದು. ಖಾಲಿಯಾದ ಜಾಗಕ್ಕೆ ಗಾಳಿ ಬರುತ್ತದೆ. ಮೊದಲು ಕಂಪ್ಯೂಟರಿನ ಕೇಸನ್ನೇ ಅತ್ತಿತ್ತ ವಾಲಿಸಿ ಗುಳ್ಳೆಯನ್ನು ರೇಡಿಯೇಟರಿಗೆ ಓಡಿಸಿದೆ. ವಾರ ಸುಮ್ಮನಿತ್ತು, ಮತ್ತೆ ಶುರು. ವಾರಂಟಿ ಮುಗಿದಿತ್ತು, ಬಿಚ್ಚುವ ಧೈರ್ಯ ಬಂದದ್ದು ಅದರಿಂದಲೇ. ವಾರಂಟಿ ಇರುವವರು ಈ ಗೋಜಿಗೆ ಹೋಗಬೇಡಿ.

ಒಳಗೆ ಏನು ಹಾಕುವುದು ಎಂಬುದಕ್ಕೇ ಹೆಚ್ಚು ತಲೆಕೆಡಿಸಿಕೊಂಡೆ. ಪ್ರೊಸೆಸರಿಗೆ ತಾಗುವ ಪ್ಲೇಟ್ ತಾಮ್ರದ್ದು, ರೇಡಿಯೇಟರ್ ಅಲ್ಯೂಮಿನಿಯಂ. ಇವೆರಡೂ ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ, ಅದನ್ನು ತಡೆಯುವ ರಾಸಾಯನಿಕ ಮೂಲ ದ್ರವದಲ್ಲಿರುತ್ತದೆ. ಬರೀ ಡಿಸ್ಟಿಲ್ಡ್ ವಾಟರ್ ಸುರಿದರೆ ಅದು ತೆಳುವಾಗುತ್ತದೆ. ನಲ್ಲಿ ನೀರಿನ ಮಾತೇ ಬೇಡ. ಅಲ್ಯೂಮಿನಿಯಂಗೂ ಆಗುತ್ತದೆಂದು ಬರೆದಿದ್ದ, ಬಣ್ಣವಿಲ್ಲದ ಕೂಲಂಟ್ ತಂದೆ.

ಕೂಲರನ್ನು ಕೇಸಿನಿಂದ ಪೂರ್ತಿ ಹೊರತೆಗೆದು ಟವೆಲ್ ಮೇಲಿಟ್ಟೆ. ರೇಡಿಯೇಟರಿನ ಅಂಚಿನ ಸ್ಟಿಕರ್ ಕೆರೆದಾಗ ಕೆಳಗೆ ಪುಟ್ಟ ಸ್ಕ್ರೂ, ಅದರ ಕುತ್ತಿಗೆಗೆ ಕಪ್ಪು ರಬ್ಬರ್ ರಿಂಗ್. ತೂತು ಮೇಲಿರುವಂತೆ ರೇಡಿಯೇಟರ್ ನಿಲ್ಲಿಸಿ, ಪಂಪನ್ನು ಕೆಳಗಿಟ್ಟು, ಸಿರಿಂಜಿನಲ್ಲಿ ಬಿಟ್ಟೆ. ಹತ್ತು ಮಿಲಿಲೀಟರಿಗೇ ತುಂಬಿ ಬಂತು. ಇಷ್ಟೇನಾ ಅನ್ನಿಸಿತು.

ಇಷ್ಟೇ ಅಲ್ಲ. ಗಾಳಿ ಪಂಪಿನಲ್ಲೂ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅಡಗಿ ಕೂತಿರುತ್ತದೆ. ಪಂಪನ್ನು ತಿರುವಿ ತಿರುವಿ ಬೆರಳಲ್ಲಿ ತಟ್ಟಿದೆ, ಟ್ಯೂಬುಗಳನ್ನು ಮೆಲ್ಲಗೆ ಹಿಸುಕಿದೆ. ತೂತಿನ ಬಾಯಲ್ಲಿ ಸಾಸಿವೆಯಷ್ಟು ಗುಳ್ಳೆ ಬಂದು ಒಂದು ಕ್ಷಣ ನಿಂತು ಒಡೆಯುತ್ತದೆ, ದ್ರವ ಕೂದಲೆಳೆಯಷ್ಟು ಇಳಿಯುತ್ತದೆ. ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗದು. ಆ ಖುಷಿಯಲ್ಲಿ ಸ್ಕ್ರೂ ಹಾಕುವುದನ್ನು ಮರೆತು ರೇಡಿಯೇಟರ್ ವಾಲಿಸಿದೆ, ಟವೆಲ್ ಒದ್ದೆ.

ನನ್ನ ಪಂಪಿಗೆ ಕರೆಂಟ್ ಸಾಟಾ ಕನೆಕ್ಟರಿನಿಂದ, ಅಂದರೆ ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವಂಥದ್ದೇ ಪ್ಲಗ್. ಮದರ್‌ಬೋರ್ಡಿನಿಂದ ಬಿಡಿಸಿದ, ಇಡೀ ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರಿನಲ್ಲಿ ಹಸಿರು ಮತ್ತು ಕಪ್ಪು ವೈರನ್ನು ಪೇಪರ್ ಕ್ಲಿಪ್ಪಿನಿಂದ ಜೋಡಿಸಿದರೆ ಮದರ್‌ಬೋರ್ಡ್ ಇಲ್ಲದೆಯೂ ಅದು ಶುರುವಾಗುತ್ತದೆ; ಹಾಗೆ ಪಂಪ್ ಒಂದನ್ನೇ ಓಡಿಸಿದೆ. ಹತ್ತು ಸೆಕೆಂಡ್ ಓಡಿಸುವುದು, ನಿಲ್ಲಿಸುವುದು, ವಾಲಿಸುವುದು, ತುಂಬುವುದು. ಬರೀ ಗಾಳಿಯಲ್ಲಿ ಓಡಿದರೆ ಪಂಪ್ ಹಾಳಾಗುತ್ತದೆ, ಯಾಕೆಂದರೆ ಅದರ ಬೇರಿಂಗಿಗೆ ಆ ದ್ರವವೇ ಎಣ್ಣೆ. ಒಟ್ಟು 35 ಮಿಲಿಲೀಟರ್ ಹಿಡಿಯಿತು. ಕಂಠಮಟ್ಟ ತುಂಬಲಿಲ್ಲ, ಬಿಸಿಯಾದಾಗ ಹಿಗ್ಗಲು ಒಂಚೂರು ಜಾಗ ಬೇಕು.

ಸ್ಕ್ರೂ ಬಿಗಿ ಮಾಡಿ, ಸುತ್ತ ಟಿಶ್ಯೂ ಸುತ್ತಿ, ರಾತ್ರಿಯಿಡೀ ಪಂಪ್ ಓಡಿಸಿದೆ. ಬೆಳಿಗ್ಗೆ ಟಿಶ್ಯೂ ಗರಿಗರಿಯಾಗಿತ್ತು. ಮೊದಲು ರೇಡಿಯೇಟರ್ ಕೇಸಿನ ತಳದಲ್ಲಿತ್ತು, ಅಂದರೆ ಗಾಳಿಗೆಲ್ಲ ಪಂಪೇ ಎತ್ತರದ ಜಾಗ. ಈ ಸಲ ಚಾವಣಿಗೆ ಕೂರಿಸಿದೆ. ಅದೇ ಎಕ್ಸ್‌ಪೋರ್ಟ್ ಈಗ 74 ದಾಟುವುದಿಲ್ಲ. ಮೊದಲ ದಿನ ಎರಡು ಸಲ ಗುಳುಕ್ ಅಂದದ್ದು ಬಿಟ್ಟರೆ ಮತ್ತೆ ಸದ್ದಿಲ್ಲ.