ಬಕೆಟ್ ಗಾಡಿಯಲ್ಲಿ ಕೊಂಬೆ ಕಡಿಯುವವರಿಗೆ ತರಬೇತಿ: ಕೆಳಗೆ ನಿಂತವರಿಂದ ಶುರು ಮಾಡಿ

ಏಪ್ರಿಲ್ ಬಂತೆಂದರೆ ಬೆಂಗಳೂರಿನಲ್ಲಿ ಕೊಂಬೆ ಕಡಿಯುವ ತಂಡಗಳಿಗೆ ಬಿಡುವೇ ಇರುವುದಿಲ್ಲ. ಒಂದು ಗಾಳಿಮಳೆ ಬಂದರೆ ಸಾಕು, ಗುಲ್‌ಮೊಹರ್ ಕೊಂಬೆಗಳು ಮುರಿದು ರಸ್ತೆಗೆ, ಕಾರಿನ ಮೇಲೆ, ವೈರಿನ ಮೇಲೆ ಬೀಳುತ್ತವೆ. ಆ ಅವಸರದಲ್ಲಿ ಹೊಸ ಹುಡುಗರ ಕೈಗೆ ಚೈನ್‌ಸಾ (ಮೋಟಾರ್ ಗರಗಸ) ಕೊಟ್ಟು ಸುಮ್ನೆ ಬಕೆಟ್, ಅಂದರೆ ಮನುಷ್ಯನನ್ನು ಮೇಲೆತ್ತುವ ಗಾಡಿಯ ತೊಟ್ಟಿ, ಹತ್ತಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ದಿನ ಕೆಲಸ ನಿಲ್ಲಿಸಿ, ಗಾಡಿಯನ್ನು ಒಂದು ಖಾಲಿ ಮೈದಾನಕ್ಕೆ ಒಯ್ದು ಕಲಿಸಿ.

ಮೊದಲು ಕಲಿಸಬೇಕಾದ್ದು ಮೇಲೆ ಹೋಗುವವನಿಗಲ್ಲ, ಕೆಳಗೆ ನಿಲ್ಲುವವರಿಗೆ. ಒಮ್ಮೆ ನಮ್ಮ ತಂಡದಲ್ಲೇ ಬಕೆಟ್ ಮೂವತ್ತು ಅಡಿ ಮೇಲೆ ನಿಂತುಬಿಟ್ಟಿತು. ಡ್ರೈವರ್ ಟೀಗೆ ಹೋಗಿದ್ದ. ಕೆಳಗಿದ್ದ ಮೂವರಲ್ಲಿ ಒಬ್ಬರಿಗೂ ಯಾವ ಲಿವರ್ ಮುಟ್ಟಬೇಕೆಂದು ಗೊತ್ತಿರಲಿಲ್ಲ. ಅವತ್ತು ಯಾರಿಗೂ ಏನೂ ಆಗಲಿಲ್ಲ, ಆದರೆ ಮೇಲಿದ್ದ ಹುಡುಗನ ಕೈ ಕೊಯ್ದುಹೋಗಿದ್ದರೆ ಏನು ಮಾಡುತ್ತಿದ್ದೆವು ಅಂತ ನೆನೆದು ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ನಮ್ಮಲ್ಲಿ ಕಸ ಎತ್ತುವವರೂ ಸೇರಿ ಎಲ್ಲರೂ ಇದನ್ನು ಕಲಿಯಲೇಬೇಕು. ಬಕೆಟ್‌ಗೆ 80 ಕೆ.ಜಿ. ಮರಳು ಮೂಟೆ ಹಾಕಿ ಮೇಲೆ ಕಳಿಸಿ. ಕೆಳಗಿನ ಲಿವರ್‌ಗಳಿಂದ ಒಬ್ಬೊಬ್ಬರೂ ಅದನ್ನು ಇಳಿಸಲಿ. ಆಮೇಲೆ ಎಂಜಿನ್ ಆಫ್ ಮಾಡಿ, ತುರ್ತು ಪಂಪ್‌ನಿಂದ ಇಳಿಸಲಿ. ಕೆಲವು ಗಾಡಿಗಳಲ್ಲಿ ಅದು ಕೈಪಂಪು, ಕೆಲವದರಲ್ಲಿ ಬ್ಯಾಟರಿಯದು. ನಿಮ್ಮ ಗಾಡಿಯಲ್ಲಿ ಯಾವುದಿದೆ, ಎಲ್ಲಿದೆ ಅಂತ ಎಲ್ಲರಿಗೂ ತೋರಿಸಿ. ಬಕೆಟ್‌ನಿಂದ ಜಾರಿ ಬೆಲ್ಟಿನಲ್ಲಿ ನೇತಾಡುವವನಿಗೆ ಕಾಲಿನಲ್ಲೇ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. 108ಕ್ಕೆ ಫೋನ್ ಮಾಡಿ ಕಾಯುತ್ತಾ ಕೂತರೆ ಸಾಲದು, ಅವನನ್ನು ನೀವೇ ಇಳಿಸಬೇಕು.

ಕೆಳಗಿನ ಲಿವರ್ ಮುಟ್ಟಬಾರದ ಸಂದರ್ಭ ಒಂದೇ. ಬಕೆಟ್ ಅಥವಾ ಬೂಮ್ (ಬಕೆಟ್ ಎತ್ತುವ ಉದ್ದನೆಯ ತೋಳು) ಕರೆಂಟ್ ವೈರಿಗೆ ತಗುಲಿದಾಗ. ಆಗ ಇಡೀ ಗಾಡಿಗೇ ಕರೆಂಟ್ ಬಂದಿದೆ ಅಂತಲೇ ತಿಳಿಯಿರಿ. ನೆಲದ ಮೇಲೆ ನಿಂತು ಗಾಡಿ ಮುಟ್ಟಿದವನೇ ಮೊದಲು ಸಾಯುತ್ತಾನೆ, ಅದೂ ಗೆಳೆಯನನ್ನು ಉಳಿಸಲು ಓಡಿ ಹೋದವನು. ಎಲ್ಲರೂ ಹತ್ತು ಮೀಟರ್ ದೂರ ಸರಿಯಬೇಕು, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಬೇಕು. ಡ್ರೈವರ್ ಕ್ಯಾಬಿನ್‌ನಲ್ಲಿದ್ದರೆ ಅಲ್ಲೇ ಕೂರಲಿ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ಹಾರಬೇಕು, ಗಾಡಿ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟಬಾರದು, ಆಮೇಲೆ ಪಾದ ಎತ್ತದೆ ಚಿಕ್ಕ ಚಿಕ್ಕದಾಗಿ ತೆವಳಿಸುತ್ತಾ ದೂರ ಹೋಗಬೇಕು. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗಲ್ಲ. ಮೈದಾನದಲ್ಲಿ ಮಾಡಿಸಿ.

ಅಲ್ಲಿಯವರೆಗೂ ಹೋಗದಂತೆ ನೋಡಿಕೊಳ್ಳೋದು ಹೇಗೆ? 11 ಕೆವಿ ಲೈನಿನಿಂದ ಬೂಮ್, ಬಕೆಟ್, ಮನುಷ್ಯ, ಕಡಿಯುವ ಕೊಂಬೆ ಎಲ್ಲವೂ ಕನಿಷ್ಠ 10 ಅಡಿ ದೂರ ಇರಬೇಕು. ಅದಕ್ಕಿಂತ ಹತ್ತಿರ ಹೋಗಬೇಕಾದ ಕೆಲಸವಾದರೆ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ತೆಗೆದುಕೊಳ್ಳದೆ ಗಾಡಿ ಸ್ಟಾರ್ಟ್ ಮಾಡಬೇಡಿ. "ಆಫ್ ಮಾಡ್ಸಿದೀವಿ ಬಿಡಿ" ಅನ್ನುವ ಮಾತು ನಂಬಬೇಡಿ. ಲೈನ್‌ಮನ್ ಬಂದು ನಿಮ್ಮ ಕಣ್ಣೆದುರೇ ಪರೀಕ್ಷಿಸಿ ಅರ್ಥಿಂಗ್ ಹಾಕಬೇಕು, ಯಾಕೆಂದರೆ ಯಾರದೋ ಮನೆಯ ಜನರೇಟರ್ ತಪ್ಪಾಗಿ ಜೋಡಿಸಿದ್ದರೆ ಆಫ್ ಆದ ಲೈನಿಗೂ ಹಿಂದಿನಿಂದ ಕರೆಂಟ್ ಬರುತ್ತದೆ. ಬೀದಿದೀಪಕ್ಕೆ ಬಳಸುವ ಎಷ್ಟೋ ಗಾಡಿಗಳ ಬೂಮ್ ಕರೆಂಟ್ ತಡೆಯುವಂಥದ್ದಲ್ಲ, ಬರೀ ಕಬ್ಬಿಣ. ತಡೆಯುವ ಬೂಮ್ ಇದ್ದರೂ ಎರಡು ವೈರು ಒಟ್ಟಿಗೆ ಮುಟ್ಟಿದರೆ ಅದು ಕಾಪಾಡುವುದಿಲ್ಲ. ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. ನಮ್ಮೂರಿನ ಮರಗಳಿಗೆ ಸುತ್ತಿರುವ ಟಿವಿ, ಇಂಟರ್ನೆಟ್ ಕೇಬಲ್‌ಗಳನ್ನೂ ಕರೆಂಟ್ ವೈರ್ ಅಂತಲೇ ತಿಳಿಯಿರಿ.

ಗಾಡಿ ನಿಲ್ಲಿಸುವಾಗ ಜಾಕ್ (ಗಾಡಿ ವಾಲದಂತೆ ಹಿಡಿಯುವ ಕಾಲು) ಎಲ್ಲಿ ಊರುತ್ತೀರಿ ನೋಡಿ. ಫುಟ್‌ಪಾತ್ ಎಂದು ಕಾಣುವುದು ಬಹಳ ಕಡೆ ಮೋರಿಯ ಮೇಲಿನ ಚಪ್ಪಡಿ. ಅದರ ಮೇಲೆ ಜಾಕ್ ಬೇಡವೇ ಬೇಡ. ಗಟ್ಟಿ ನೆಲದಲ್ಲೂ ಜಾಕ್‌ನ ಕೆಳಗೆ ದಪ್ಪ ಹಲಗೆ ಇಡಿ, ಚಕ್ರಕ್ಕೆ ಅಡ್ಡಕಟ್ಟೆ ಕೊಡಿ.

ಬೆಲ್ಟ್ ಎಂದರೆ ಸೊಂಟದ ಬೆಲ್ಟಲ್ಲ, ಭುಜ ತೊಡೆ ಎರಡನ್ನೂ ಹಿಡಿಯುವ ಫುಲ್ ಬಾಡಿ ಹಾರ್ನೆಸ್. ಅದರ ಹಗ್ಗವನ್ನು ಬಕೆಟ್‌ನ ಕೊಂಡಿಗೇ ಹಾಕಬೇಕು. ಮರಕ್ಕೆ ಕಟ್ಟಿದರೆ, ಬೂಮ್ ಅಲುಗಿದಾಗ ಆ ಹಗ್ಗವೇ ಮನುಷ್ಯನನ್ನು ಬಕೆಟ್‌ನಿಂದ ಎಳೆದು ಹಾಕುತ್ತದೆ. ಕಾಲು ಯಾವಾಗಲೂ ಬಕೆಟ್‌ನ ತಳದ ಮೇಲೇ ಇರಲಿ. ಎಟುಕದಿದ್ದರೆ ಅಂಚಿನ ಮೇಲೆ ಹತ್ತಬೇಡಿ, ಬಕೆಟ್ ಸರಿಸಿ.

ಕಡಿಯುವಾಗ ಬಕೆಟ್ ಕೊಂಬೆಯ ಕೆಳಗೆ ಇರಬಾರದು, ಪಕ್ಕದಲ್ಲಿರಬೇಕು. ಚೈನ್‌ಸಾ ಎರಡೂ ಕೈಯಲ್ಲಿ, ಭುಜಕ್ಕಿಂತ ಕೆಳಗೆ. ಮೊದಲು ಕೊಂಬೆಯ ಅಡಿಯಿಂದ ಸ್ವಲ್ಪ ಕೊಯ್ದು, ಆಮೇಲೆ ತುದಿಯ ಕಡೆಗೆ ಸ್ವಲ್ಪ ಸರಿದು ಮೇಲಿನಿಂದ ಕೊಯ್ಯಿರಿ, ಇಲ್ಲದಿದ್ದರೆ ತೊಗಟೆ ಸೀಳಿಕೊಂಡು ಕೊಂಬೆ ನಿಮ್ಮ ಕಡೆಗೇ ತೂಗಿ ಬರುತ್ತದೆ. ತುದಿಯ ಭಾರ ಬಿದ್ದ ಕೂಡಲೇ ಉಳಿದ ಕೊಂಬೆ ಮೇಲಕ್ಕೆ ಚಿಮ್ಮುತ್ತದೆ, ಹೊಸಬರಿಗೆ ಇದು ಗೊತ್ತೇ ಇರುವುದಿಲ್ಲ. ಕಡಿದ ಕೊಂಬೆಯನ್ನು ಬಕೆಟ್‌ನಲ್ಲಿ ಹೊತ್ತು ತರಬೇಡಿ.

ಹತ್ತುವ ಮುಂಚೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಮರ ಪೂರ್ತಿ ನೋಡಿ. ಹೆಜ್ಜೇನು ಕಂಡರೆ ಅವತ್ತು ಆ ಮರ ಬಿಟ್ಟುಬಿಡಿ. ಬಕೆಟ್‌ನಲ್ಲಿ ನಿಂತವನು ಓಡಿ ತಪ್ಪಿಸಿಕೊಳ್ಳಲು ಆಗಲ್ಲ ಅಲ್ವಾ? ಗುಡುಗು ಕೇಳಿಸಿದರೆ ತಕ್ಷಣ ಇಳಿಸಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಎಷ್ಟು ಗಾಳಿಗೆ ಕೆಲಸ ನಿಲ್ಲಿಸಬೇಕು, ಬಕೆಟ್ ಎಷ್ಟು ಭಾರ ಹೊರುತ್ತದೆ ಎಂಬುದು ಗಾಡಿಯ ಪ್ಲೇಟಿನ ಮೇಲೆ ಅಥವಾ ಅದರ ಕೈಪಿಡಿಯಲ್ಲಿ ಬರೆದಿರುತ್ತದೆ. ಇಂಗ್ಲಿಷ್ ಓದಲು ಬಾರದವರಿಗೆ ಆ ಅಂಕಿಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಬಕೆಟ್‌ನ ಒಳಗೇ ಅಂಟಿಸಿ, ತಮಿಳು ಅಥವಾ ಹಿಂದಿಯ ಹುಡುಗರಿದ್ದರೆ ಅವರ ಭಾಷೆಯಲ್ಲೂ.

ಎರಡನೇ ದಿನ ಸಂಜೆ, ಏನೂ ಹೇಳದೆ ಮರಳು ಮೂಟೆಯ ಬಕೆಟ್ ಮೇಲಿದ್ದಾಗ ಎಂಜಿನ್ ಆಫ್ ಮಾಡಿ. ಯಾರು ಮೊದಲು ವೈರ್ ಕಡೆ ನೋಡಿ ಆಮೇಲೆ ಪಂಪ್ ಹತ್ತಿರ ಹೋಗುತ್ತಾರೋ, ಅವರನ್ನು ನಾಳೆ ಕೆಳಗೆ ನಿಲ್ಲಿಸಿ.